ಜಾನ್ ಮೆಕ್‌ಲಾಫ್ಲಿನ್ ಆಲ್ಬಂಗಳು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್‌ಲಾಫ್ಲಿನ್ ಅಭಿಮಾನಿ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ಮಾಹಿತಿ ಇದೆ, ಪಕ್ಷಪಾತವೂ ಸಾಕಷ್ಟಿದೆ. ಎರಡನ್ನೂ ಬೇರೆ ಮಾಡಿಕೊಂಡು ಓದಿ.

ಯಾರು ಇವರು?

ಇಂಗ್ಲೆಂಡಿನ ಗಿಟಾರ್ ವಾದಕ. 1942ರ ಜನವರಿ 4ರಂದು ಯಾರ್ಕ್‌ಶೈರಿನ ಡಾನ್‌ಕಾಸ್ಟರಿನಲ್ಲಿ ಹುಟ್ಟಿದರು. ತಾಯಿ ಪಿಟೀಲು ನುಡಿಸುತ್ತಿದ್ದರು. ಹುಡುಗನ ಕೈಗೆ ಗಿಟಾರ್ ಬಂದದ್ದು ಹನ್ನೊಂದನೇ ವಯಸ್ಸಿಗೆ. 1960ರ ದಶಕದ ಲಂಡನ್‌ನಲ್ಲಿ ಗ್ರಹಾಂ ಬಾಂಡ್, ಜಾರ್ಜಿ ಫೇಮ್ ಅವರ ತಂಡಗಳಲ್ಲಿ ದುಡಿದರು. ಹೊಟ್ಟೆಪಾಡಿಗೆ ಸ್ಟುಡಿಯೋಗಳಲ್ಲಿ ಯಾರು ಕರೆದರೆ ಅವರಿಗೆ ಬಾರಿಸಿದರು. 1969ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿಂದ ಮುಂದಿನದೇ ಈ ಪುಟದ ವಿಷಯ.

ಜಾಝ್ ಫ್ಯೂಷನ್ ಅಂದರೆ ಏನು?

ಜಾಝಿನ ಮನೋಧರ್ಮ, ರಾಕ್‌ನ ಸದ್ದು. ಇದರ ಜೊತೆಗೆ ಇನ್ನೇನು ಸೇರಿಸುತ್ತೀರಿ ಅನ್ನುವುದು ಅವರವರ ಇಷ್ಟ. ಮೆಕ್‌ಲಾಫ್ಲಿನ್ ಭಾರತದ ತಾಳ ಸೇರಿಸಿದರು, ಸ್ಪೇನಿನ ಫ್ಲಮೆಂಕೊ ಸೇರಿಸಿದರು. ವ್ಯಾಖ್ಯಾನ ಇಷ್ಟು ಸಾಕು. ಮಿಕ್ಕಿದ್ದು ಕೇಳಿದರೆ ಗೊತ್ತಾಗುತ್ತದೆ.

ಇಷ್ಟೊಂದು ಆಲ್ಬಂ ಇದೆ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಕಿವಿ ಯಾವ ಸಂಗೀತದಲ್ಲಿ ಬೆಳೆದಿದೆ ಅನ್ನುವುದರ ಮೇಲೆ ಹೋಗುತ್ತದೆ. ಮನೆಯಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದವರಾದರೆ ಶಕ್ತಿ ತಂಡದ 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ'. ರಾಕ್ ಕೇಳುವವರಾದರೆ ಮಹಾವಿಷ್ಣು ಆರ್ಕೆಸ್ಟ್ರಾದ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್'. ಎಲೆಕ್ಟ್ರಿಕ್ ಗಿಟಾರಿನ ಸದ್ದೇ ಆಗುವುದಿಲ್ಲ ಅನ್ನುವವರಿಗೆ 'ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ'.

ಇಸವಿಯ ಪ್ರಕಾರ ಮೊದಲಿಂದ ಕೇಳುತ್ತಾ ಬರುತ್ತೀನಿ ಅಂತ ಹೊರಡಬೇಡಿ. ಮೊದಲ ಆಲ್ಬಂ 'ಎಕ್ಸ್‌ಟ್ರಾಪೊಲೇಷನ್' ಬಹಳ ಒಳ್ಳೆಯದು. 1969ರ ಜನವರಿಯಲ್ಲಿ ಲಂಡನ್‌ನಲ್ಲಿ ಧ್ವನಿಮುದ್ರಣವಾದದ್ದು. ಜಾನ್ ಸರ್ಮನ್ ಅವರ ಸ್ಯಾಕ್ಸೊಫೋನ್, ಟೋನಿ ಆಕ್ಸ್‌ಲಿ ಅವರ ಡ್ರಮ್ಸ್ ಅದರಲ್ಲಿವೆ. ಆದರೆ ಅದು ಜಾಝ್ ಕೇಳಿ ಗೊತ್ತಿರುವವರ ಆಲ್ಬಂ. ಆಮೇಲೆ ವಾಪಸ್ ಹೋಗಿ ಕೇಳಿದರೆ ಜಾಸ್ತಿ ರುಚಿಸುತ್ತದೆ.

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಬಾರಿಸಿದ್ದರಂತೆ?

ಹೌದು. ಅದೂ ಊರಿಗೆ ಬಂದ ಕೆಲವೇ ದಿನಗಳಲ್ಲಿ. ನ್ಯೂಯಾರ್ಕಿಗೆ ಕರೆಸಿಕೊಂಡದ್ದು ಡ್ರಮ್ಮರ್ ಟೋನಿ ವಿಲಿಯಮ್ಸ್, ತಮ್ಮ ಹೊಸ ತಂಡ ಲೈಫ್‌ಟೈಮ್‌ಗಾಗಿ. ಟೋನಿ ಆಗ ಮೈಲ್ಸ್ ತಂಡದಲ್ಲೂ ಇದ್ದರು. ಈ ಇಂಗ್ಲಿಷ್ ಹುಡುಗನನ್ನು ನೋಡಿದ ಮೈಲ್ಸ್, ನಾಳೆ ಸ್ಟುಡಿಯೋಗೆ ಗಿಟಾರ್ ತಗೊಂಡು ಬಾ ಅಂದರು. ಅದು 1969ರ ಫೆಬ್ರವರಿ 18. ಮುದ್ರಣವಾದದ್ದು 'ಇನ್ ಎ ಸೈಲೆಂಟ್ ವೇ'.

ಆ ಶೀರ್ಷಿಕೆಯ ರಚನೆ ಕೀಬೋರ್ಡ್ ವಾದಕ ಜೋ ಝಾವಿನುಲ್ ಅವರದು. ಅದರ ತುಂಬಾ ಕಾರ್ಡ್‌ಗಳಿದ್ದವು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲುಗಳು. ಮೈಲ್ಸ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಮೆಕ್‌ಲಾಫ್ಲಿನ್ ಕಡೆ ತಿರುಗಿ, ಗಿಟಾರ್ ಬಾರಿಸೋಕೆ ಬಾರದವನ ಥರ ಬಾರಿಸು ಅಂದರಂತೆ. ಆಗ ಮೆಕ್‌ಲಾಫ್ಲಿನ್ ಕಲಿಯುವವರು ಮೊದಲ ವಾರ ಹಿಡಿಯುವ ಇ ಕಾರ್ಡ್ ಹಿಡಿದು, ಸ್ವರಗಳನ್ನು ಒಂದೊಂದಾಗಿ ಬಿಟ್ಟರು. ಟೇಪ್ ಓಡುತ್ತಿತ್ತು. ಆಲ್ಬಂನಲ್ಲಿ ಕೇಳುವುದು ಅದನ್ನೇ. ಪ್ರಪಂಚದಲ್ಲೇ ಅತಿ ವೇಗದ ಗಿಟಾರಿಸ್ಟ್ ಅಂತ ಹೆಸರು ಮಾಡಲಿದ್ದ ಮನುಷ್ಯ ಅಮೆರಿಕದಲ್ಲಿ ಮೊದಲು ಗಮನ ಸೆಳೆದದ್ದು ಏನೂ ಬಾರದವನ ಹಾಗೆ ಬಾರಿಸಿ. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಬೇಜಾರಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ 'ಬಿಚಸ್ ಬ್ರೂ' ಮುದ್ರಣವಾಯಿತು. ಅದರಲ್ಲಿ ಒಂದು ಟ್ರ್ಯಾಕಿಗೆ ಮೈಲ್ಸ್ 'ಜಾನ್ ಮೆಕ್‌ಲಾಫ್ಲಿನ್' ಅಂತಲೇ ಹೆಸರಿಟ್ಟರು. ತಮಾಷೆ ಅಂದರೆ ಆ ಟ್ರ್ಯಾಕಿನಲ್ಲಿ ಮೈಲ್ಸ್ ಊದುವುದೇ ಇಲ್ಲ.

ಆದರೆ ಈ ಜೋಡಿಯ ಒಂದೇ ಒಂದು ಟ್ರ್ಯಾಕ್ ಕೇಳುವುದಾದರೆ ನಾನು ಹೇಳುವುದು 'ರೈಟ್ ಆಫ್'. 'ಎ ಟ್ರಿಬ್ಯೂಟ್ ಟು ಜ್ಯಾಕ್ ಜಾನ್ಸನ್' ಆಲ್ಬಂನದು, 1970ರ ಏಪ್ರಿಲ್ 7ರಂದು ಮುದ್ರಣವಾದದ್ದು. ಮೈಲ್ಸ್ ಒಳಗೆ ಕಂಟ್ರೋಲ್ ರೂಮಿನಲ್ಲಿ ನಿರ್ಮಾಪಕ ಟಿಯೋ ಮಾಸೆರೊ ಜೊತೆ ಮಾತಾಡುತ್ತಾ ನಿಂತಿದ್ದರು. ಹೊರಗೆ ಕಾದು ಕಾದು ಸಾಕಾದ ಮೆಕ್‌ಲಾಫ್ಲಿನ್ ಸುಮ್ನೆ ಒಂದು ಶಫಲ್, ಅಂದರೆ ಕುಂಟುತ್ತಾ ಓಡುವಂಥ ಲಯ, ಶುರು ಮಾಡಿದರು. ಬಿಲ್ಲಿ ಕಾಬಮ್ ಡ್ರಮ್ಸ್ ಸೇರಿಸಿದರು, ಮೈಕಲ್ ಹೆಂಡರ್ಸನ್ ಬೇಸ್ ಸೇರಿಸಿದರು. ಸ್ವಲ್ಪ ಹೊತ್ತಿಗೆ ಕಾವು ಏರಿತು. ಮೈಲ್ಸ್ ಟ್ರಂಪೆಟ್ ಹಿಡಿದು ಓಡಿಬಂದರು. ಅವರು ಬರುವ ಮುಂಚೆ ಗಿಟಾರ್ ಬೇರೆ ಶ್ರುತಿಗೆ ಜಾರಿರುತ್ತದೆ, ಬೇಸ್ ಹಳೆಯ ಶ್ರುತಿಯಲ್ಲೇ ಉಳಿದಿರುತ್ತದೆ. ಬೇರೆ ಯಾರೇ ಆಗಿದ್ದರೂ ನಿಲ್ಲಿಸಿ ಮತ್ತೆ ಮೊದಲಿಂದ ಅನ್ನುತ್ತಿದ್ದರು. ಮೈಲ್ಸ್ ಆ ಬಿರುಕಿನೊಳಗೇ ನುಗ್ಗಿದರು. ಕಟ್ಟಡಕ್ಕೆ ಬೇರೇನೋ ಕೆಲಸದ ಮೇಲೆ ಬಂದಿದ್ದ ಹರ್ಬಿ ಹ್ಯಾನ್‌ಕಾಕ್ ಕೂಡ ಸಿಕ್ಕಿಬಿದ್ದರು, ಅವರನ್ನು ಆರ್ಗನ್ ಮುಂದೆ ಕೂರಿಸಿದರು. ಸುಮಾರು 27 ನಿಮಿಷದ ಟ್ರ್ಯಾಕ್. ಮೊದಲ ಎರಡು ನಿಮಿಷದಲ್ಲಿ ಗಿಟಾರ್ ಮಾತ್ರ ಕೇಳಿ. ಸೋಲೋ ಅಂತ ಏನೂ ಇಲ್ಲ, ಬರೀ ಕಾರ್ಡ್‌ಗಳು. ಉಳಿದವರನ್ನು ಹೇಗೆ ಎಳೆದುಕೊಂಡು ಹೋಗುತ್ತಾರೆ ನೋಡಿ.

'ಮಹಾವಿಷ್ಣು' ಅಂತ ಹೆಸರು ಯಾಕೆ?

ಗುರು ಕೊಟ್ಟ ಹೆಸರು. ನ್ಯೂಯಾರ್ಕಿನಲ್ಲಿ ಮೆಕ್‌ಲಾಫ್ಲಿನ್ ಶ್ರೀ ಚಿನ್ಮಯ್ ಅವರ ಶಿಷ್ಯರಾದರು. ಚಿನ್ಮಯ್ ಬಂಗಾಳದವರು, ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಬೆಳೆದು 1964ರಲ್ಲಿ ಅಮೆರಿಕಕ್ಕೆ ಹೋದವರು. ಶಿಷ್ಯನಾದ ಮೇಲೆ ಕೂದಲು ಸಣ್ಣದಾಯಿತು, ಬಟ್ಟೆ ಬಿಳಿಯಾಯಿತು. ಕೈಯಲ್ಲಿ ಮಾತ್ರ ಕಿವಿ ಗಡಚಿಕ್ಕುವ ಎಲೆಕ್ಟ್ರಿಕ್ ಗಿಟಾರ್ ಹಾಗೇ ಇತ್ತು. 1970ರ ದಶಕದ ಮಧ್ಯದಲ್ಲಿ ಅವರು ಆ ಗುರುವಿನಿಂದ ದೂರವಾದರು. ಗಿಟಾರ್ ವಾದಕ ಕಾರ್ಲೋಸ್ ಸಂತಾನ ಕೂಡ ಅದೇ ಗುರುವಿನ ಶಿಷ್ಯ. ಇಬ್ಬರೂ ಸೇರಿ 1973ರಲ್ಲಿ ತಂದ 'ಲವ್ ಡಿವೋಷನ್ ಸರೆಂಡರ್' ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ಗೆ ಸಲ್ಲಿಸಿದ ನಮಸ್ಕಾರ. ಭಕ್ತಿ ಇದೆ, ಗದ್ದಲ ಅದಕ್ಕಿಂತ ಜಾಸ್ತಿ ಇದೆ. ನನಗೆ ಇಷ್ಟ. ನನ್ನ ಮನೆಯವರಿಗೆ ಅಲ್ಲ.

ಮಹಾವಿಷ್ಣು ಆರ್ಕೆಸ್ಟ್ರಾ ಯಾಕೆ ಅಷ್ಟು ದೊಡ್ಡ ವಿಷಯ?

ಹೆಸರಿಗೆ ಆರ್ಕೆಸ್ಟ್ರಾ, ಇದ್ದದ್ದು ಐದೇ ಜನ. ಇಂಗ್ಲೆಂಡಿನ ಮೆಕ್‌ಲಾಫ್ಲಿನ್, ಪನಾಮಾದಲ್ಲಿ ಹುಟ್ಟಿದ ಡ್ರಮ್ಮರ್ ಬಿಲ್ಲಿ ಕಾಬಮ್, ಐರ್ಲೆಂಡಿನ ಬೇಸ್ ವಾದಕ ರಿಕ್ ಲೇರ್ಡ್, ಚೆಕ್ ದೇಶದ ಕೀಬೋರ್ಡ್ ವಾದಕ ಯಾನ್ ಹ್ಯಾಮರ್, ಅಮೆರಿಕದ ಪಿಟೀಲು ವಾದಕ ಜೆರಿ ಗುಡ್‌ಮನ್. 1971ರಲ್ಲಿ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್', 1973ರಲ್ಲಿ 'ಬರ್ಡ್ಸ್ ಆಫ್ ಫೈರ್'. ಎರಡನೆಯದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೆ ಏರಿತು. ಹಾಡಿಲ್ಲ, ಮಾತಿಲ್ಲ, ಕಾಲು ಕುಣಿಸಲು ಸರಳವಾದ ತಾಳವೂ ಇಲ್ಲ. ಅಂಥ ಸಂಗೀತ ಅಷ್ಟು ಮೇಲೆ ಹೋಯಿತು.

ಆ ತಂಡದ ಗುಟ್ಟು ಗಿಟಾರ್ ಅಲ್ಲ, ಗಿಟಾರಿಗೆ ಸಿಕ್ಕ ಎದುರಾಳಿಗಳು ಅನ್ನುವುದು ನನ್ನ ವಾದ. ಹ್ಯಾಮರ್ ತಮ್ಮ ಸಿಂಥಸೈಜರಿನ ಸ್ವರವನ್ನು ತಂತಿ ಎಳೆದಂತೆ ಬಗ್ಗಿಸುತ್ತಿದ್ದರು. ಎಷ್ಟೋ ಕಡೆ ಗಿಟಾರ್ ಯಾವುದು, ಕೀಬೋರ್ಡ್ ಯಾವುದು ಗೊತ್ತಾಗುವುದಿಲ್ಲ. 'ಒನ್ ವರ್ಡ್' ಕೇಳಿ. ಗಿಟಾರ್, ಪಿಟೀಲು, ಕೀಬೋರ್ಡ್ ಸರದಿಯ ಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾರೆ. ಸರದಿ ಚಿಕ್ಕದಾಗುತ್ತಾ ಹೋಗುತ್ತದೆ. ಸವಾಲ್ ಜವಾಬ್ ಕೇಳಿ ಬೆಳೆದ ಕಿವಿಗೆ ಇದು ಹೊಸದೇನೂ ಅಲ್ಲ, ಅಲ್ವಾ? ಆಮೇಲೆ ಕಾಬಮ್ ಒಬ್ಬರೇ ಉಳಿಯುತ್ತಾರೆ. ಆಗ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿ.

ಇದೇ ಆಲ್ಬಂಗಳಲ್ಲಿ ತಣ್ಣಗಿನ ಜಾಗಗಳೂ ಇವೆ. 'ಎ ಲೋಟಸ್ ಆನ್ ಐರಿಷ್ ಸ್ಟ್ರೀಮ್ಸ್' ಅಕೌಸ್ಟಿಕ್ ಗಿಟಾರ್, ಪಿಟೀಲು, ಪಿಯಾನೊಗಳ ಸಣ್ಣ ರಚನೆ. ಅದನ್ನು ದಾಟಿಕೊಂಡು ಹೋಗಬೇಡಿ.

ತಂಡ 1973ರ ಕೊನೆಗೆ ಒಡೆಯಿತು. ರಚನೆಗಳ ಹೆಸರು ಯಾರಿಗೆ ಸೇರಬೇಕು ಅನ್ನುವುದೂ ಜಗಳದ ಒಂದು ಭಾಗ. ಆ ವರ್ಷ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮುದ್ರಿಸಿದ್ದ ಮೂರನೇ ಸ್ಟುಡಿಯೋ ಆಲ್ಬಂ ಹಾಗೇ ಮೂಲೆ ಸೇರಿತ್ತು. 1999ರಲ್ಲಿ 'ದಿ ಲಾಸ್ಟ್ ಟ್ರೈಡೆಂಟ್ ಸೆಷನ್ಸ್' ಅಂತ ಹೊರಬಂತು. ಜಗಳ ಆಡುತ್ತಿದ್ದವರು ಬಾರಿಸಿದ್ದು ಅಂತ ಹೇಳಿದರೆ ನಂಬುವುದಕ್ಕೆ ಆಗುವುದಿಲ್ಲ, ಅಷ್ಟು ಒಗ್ಗಟ್ಟಾಗಿದೆ.

ತಾಳ ಸಿಗುತ್ತಲೇ ಇಲ್ಲ. ಎಣಿಸುವುದು ಹೇಗೆ?

ನಾಲ್ಕು ನಾಲ್ಕಾಗಿ ಎಣಿಸಲು ಹೋದರೆ ಸೋಲುತ್ತೀರಿ. ಬಾಯಲ್ಲಿ ಸೊಲ್ಲು ಹೇಳಿ. 'ವೈಟಲ್ ಟ್ರಾನ್ಸ್‌ಫರ್ಮೇಷನ್' ಒಂಬತ್ತರ ಲೆಕ್ಕದಲ್ಲಿದೆ. 'ತಕಧಿಮಿ ತಕತಕಿಟ' ಅಂತ ಹೇಳಿಕೊಂಡು ಅದರ ಜೊತೆ ಓಡಿ. ಎಲ್ಲಿ ಒತ್ತು ಬಿತ್ತು ಅಂತ ಮೊದಲೇ ತಲೆ ಕೆಡಿಸಿಕೊಳ್ಳಬೇಡಿ, ಆವರ್ತ ಎಲ್ಲಿ ತಿರುಗಿ ಶುರುವಾಗುತ್ತದೆ ಅನ್ನುವುದು ಸಿಕ್ಕರೆ ಸಾಕು. 'ಬರ್ಡ್ಸ್ ಆಫ್ ಫೈರ್' ಶೀರ್ಷಿಕೆಯ ರಚನೆ ಹದಿನೆಂಟರದು.

ಮೃದಂಗ ಕಲಿತವರಿಗೆ ಇಲ್ಲಿ ದೊಡ್ಡ ಅನುಕೂಲ. ಮೆಕ್‌ಲಾಫ್ಲಿನ್ ಕೂಡ ಯಾವ ವಾದ್ಯ ಕಲಿಯುವವರಾದರೂ ಕೊನ್ನಕೋಲ್, ಅಂದರೆ ಬಾಯಲ್ಲಿ ಸೊಲ್ಲು ಹೇಳುವ ವಿದ್ಯೆ, ಕಲಿಯಿರಿ ಅಂತ ಹೇಳುತ್ತಾ ಬಂದಿದ್ದಾರೆ. ಕಂಜೀರ ವಾದಕ ಸೆಲ್ವಗಣೇಶ್ ಜೊತೆ ಸೇರಿ ಅದನ್ನು ಕಲಿಸುವ ಒಂದು ಡಿವಿಡಿಯನ್ನೇ ತಂದರು.

ಎರಡು ಕುತ್ತಿಗೆಯ ಆ ಗಿಟಾರ್ ಯಾವುದು?

ಗಿಬ್ಸನ್ ಕಂಪನಿಯ ಇಡಿಎಸ್-1275. ಒಂದು ಕುತ್ತಿಗೆಗೆ 6 ತಂತಿ, ಇನ್ನೊಂದಕ್ಕೆ 12. ಅಲೆಅಲೆಯಾಗಿ ಬರುವ ಕಾರ್ಡ್‌ಗಳಿಗೆ 12, ಸೋಲೋಗೆ 6. ಮುಂದೆ ರೆಕ್ಸ್ ಬೋಗ್ ಅನ್ನುವವರು ಇವರಿಗಾಗಿಯೇ ಇನ್ನೊಂದು ಜೋಡಿ ಗಿಟಾರ್ ಮಾಡಿಕೊಟ್ಟರು.

ಎರಡನೇ ಮಹಾವಿಷ್ಣು ತಂಡ ಹೇಗೆ?

ಪಿಟೀಲಿಗೆ ಜಾನ್-ಲುಕ್ ಪಾಂಟಿ, ಡ್ರಮ್ಸ್‌ಗೆ ನಾರದ ಮೈಕಲ್ ವಾಲ್ಡನ್. 1974ರ 'ಅಪೊಕಲಿಪ್ಸ್'ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾವೂ ಸೇರಿತು, ನಿರ್ಮಾಪಕರು ಬೀಟಲ್ಸ್ ಖ್ಯಾತಿಯ ಜಾರ್ಜ್ ಮಾರ್ಟಿನ್. ದೊಡ್ಡ ಆಸೆಯ ಆಲ್ಬಂ, ಆದರೆ ಕೆಲವು ಕಡೆ ಭಾರ ಜಾಸ್ತಿ. ನನ್ನ ಓಟು ಮಾರನೇ ವರ್ಷದ 'ವಿಷನ್ಸ್ ಆಫ್ ದಿ ಎಮರಾಲ್ಡ್ ಬಿಯಾಂಡ್'ಗೆ.

ಶಕ್ತಿ ತಂಡದ್ದು ಕರ್ನಾಟಕ ಸಂಗೀತವೋ, ಜಾಝೋ?

ಎರಡೂ ಕಡೆಯವರು ನಮ್ಮದಲ್ಲ ಅಂತ ಹೇಳಿದ ಕಾಲ ಒಂದಿತ್ತು. ಈಗ ಎರಡೂ ಕಡೆಯವರು ನಮ್ಮದು ಅನ್ನುತ್ತಾರೆ.

ಹಿನ್ನೆಲೆ ಹೀಗಿದೆ. 1970ರ ದಶಕದ ಆರಂಭದಲ್ಲಿ ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾನ್ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ರವಿಶಂಕರ್ ಅವರಿಂದಲೂ ಪಾಠ ಹೇಳಿಸಿಕೊಂಡರು. ಮಹಾವಿಷ್ಣು ಗದ್ದಲದ ಮಧ್ಯೆಯೇ ಈ ಕಲಿಕೆ ನಡೆದಿತ್ತು. ಆಮೇಲೆ ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟಂನ ವಿಕ್ಕು ವಿನಾಯಕರಾಮ್, ಮೃದಂಗದ ಆರ್. ರಾಘವನ್ ಜೊತೆ ಸೇರಿ ತಂಡ ಕಟ್ಟಿದರು. ರಾಘವನ್ ಎಲ್. ಶಂಕರ್ ಅವರ ಮಾವ. ತಬಲಾ ಮತ್ತು ಮೃದಂಗ ಒಂದೇ ಜಮಖಾನೆಯ ಮೇಲೆ ಕೂತದ್ದೇ ಆಗ ವಿಶೇಷ.

ಮೊದಲ ಆಲ್ಬಂ 'ಶಕ್ತಿ ವಿತ್ ಜಾನ್ ಮೆಕ್‌ಲಾಫ್ಲಿನ್' 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಛೇರಿ. ಶುರುವಾಗುವುದೇ 'ಜಾಯ್' ರಚನೆಯಿಂದ, 18 ನಿಮಿಷ. ಗಿಟಾರ್ ಮತ್ತು ಪಿಟೀಲು ಒಟ್ಟಿಗೆ ಓಡುತ್ತವೆ, ಒಂದೇ ಒಂದು ಸ್ವರ ಹಿಂದೆ ಬೀಳುವುದಿಲ್ಲ. ಕೇಳುತ್ತಿದ್ದ ಕಾಲೇಜು ಹುಡುಗರಲ್ಲಿ ಹಲವರು ಎಲೆಕ್ಟ್ರಿಕ್ ಗಿಟಾರಿನ ನಿರೀಕ್ಷೆಯಲ್ಲೇ ಬಂದಿರಬೇಕು. ಅವರ ಚಪ್ಪಾಳೆ, ಕೂಗು ಕೇಳಿ. ಯಾರಿಗೂ ಮೋಸ ಹೋದೆವು ಅನ್ನಿಸಿದ ಹಾಗಿಲ್ಲ.

ಎರಡನೆಯದು 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ', ಸ್ಟುಡಿಯೋದ್ದು. 'ಲಾ ದಾನ್ಸ್ ದು ಬೊನರ್' ಕೊನ್ನಕೋಲ್‌ನಿಂದ ಶುರುವಾಗುತ್ತದೆ. ಸೊಲ್ಲು ಮುಗಿಯುತ್ತಿದ್ದ ಹಾಗೆ ವಾದ್ಯಗಳು ಅದನ್ನೇ ಎತ್ತಿಕೊಳ್ಳುತ್ತವೆ. ಮನೆಯಲ್ಲಿ ಯಾರಾದರೂ ಇದೇನು ಗಲಾಟೆ ಅಂತ ಕೇಳಿದರೆ ಇದನ್ನು ಹಾಕಿ, ತಲೆ ಅಲ್ಲಾಡಿಸದೆ ಇರಲಿ ನೋಡೋಣ. ಅದೇ ಆಲ್ಬಂನ 'ಟೂ ಸಿಸ್ಟರ್ಸ್' ಇದರ ಪೂರ್ತಿ ಎದುರು. ನಿಧಾನ, ಮೆತ್ತಗೆ, ತಾಳವಾದ್ಯದ ಅಬ್ಬರ ಇಲ್ಲ. ಮೂರನೆಯದು 1977ರ 'ನ್ಯಾಚುರಲ್ ಎಲಿಮೆಂಟ್ಸ್'. ಚಿಕ್ಕ ಚಿಕ್ಕ ರಚನೆಗಳು, ಕೇಳಲು ಹಗುರ. ಮೊದಲೆರಡರ ಉಸಿರು ಅದರಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ.

ಈಗ ಪ್ರಶ್ನೆಗೆ ಬರುತ್ತೇನೆ. ರಾಗದ ಚೌಕಟ್ಟು, ತಾಳದ ಲೆಕ್ಕ, ತನಿ ಆವರ್ತನದ ಕ್ರಮ ನಮ್ಮ ಕಡೆಯದು. ಆದರೆ ಗಿಟಾರ್ ಸೋಲೋ ಹಿಡಿದಾಗ ಬರುವ ವಾಕ್ಯಗಳು ಜಾಝಿನವು. ಮೆಕ್‌ಲಾಫ್ಲಿನ್ ವೈಣಿಕನ ವೇಷ ಹಾಕಲಿಲ್ಲ. ರಾಗ ವಿಸ್ತಾರದಲ್ಲಿ ಶಂಕರ್ ಇವರಿಗಿಂತ ಆಳಕ್ಕೆ ಹೋಗುತ್ತಾರೆ, ಲಯದಲ್ಲಿ ಉಳಿದ ಮೂವರೂ ಇವರಿಗಿಂತ ಗಟ್ಟಿಗರು. ಅದು ಗೊತ್ತಿದ್ದೇ ಅವರ ಮಧ್ಯೆ ಹೋಗಿ ಕೂತರು. ಈ ಮನುಷ್ಯನ ಆಲ್ಬಂಗಳನ್ನು ನಾನು ಬಿಡದೆ ಕೇಳುವುದಕ್ಕೆ ಕಾರಣವೇ ಇದು. ಪ್ರತಿ ಹತ್ತು ವರ್ಷಕ್ಕೆ ತನಗಿಂತ ಒಂದು ವಿಷಯ ಹೆಚ್ಚು ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾರೆ.

ಗಿಟಾರಿನಲ್ಲಿ ಗಮಕ ಹೇಗೆ ಬರುತ್ತದೆ?

ಮಾಮೂಲಿ ಗಿಟಾರಿನಲ್ಲಿ ಕಷ್ಟ. ತಂತಿಯ ಕೆಳಗಿನ ಮರ ಬೆರಳಿಗೆ ಅಡ್ಡ ಬರುತ್ತದೆ. ಶಕ್ತಿಗಾಗಿ ಏಬ್ ವೆಕ್ಟರ್ ಅನ್ನುವ ಕುಶಲಕರ್ಮಿ ಗಿಬ್ಸನ್ ಜೆ-200 ಮಾದರಿಯ ಅಕೌಸ್ಟಿಕ್ ಗಿಟಾರನ್ನು ಬದಲಾಯಿಸಿಕೊಟ್ಟರು. ಫ್ರೆಟ್‌ಗಳ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳ, ನಡುವಿನ ಮರವನ್ನು ತಗ್ಗಾಗಿ ಕೆತ್ತಿದ್ದರು. ಹಾಗಾಗಿ ವೀಣೆಯಲ್ಲಿ ಮೆಟ್ಟಿಲುಗಳ ಮೇಲೆ ಎಳೆಯುವ ಹಾಗೆ ಇಲ್ಲೂ ತಂತಿಯನ್ನು ಸಲೀಸಾಗಿ ಎಳೆಯಬಹುದು. ಜೊತೆಗೆ ಗಿಟಾರಿನ ಬಾಯಿಯ ಮೇಲೆ ಓರೆಯಾಗಿ 7 ಅನುರಣನದ ತಂತಿಗಳು. ಅವನ್ನು ರಾಗಕ್ಕೆ ತಕ್ಕ ಹಾಗೆ ಶ್ರುತಿ ಮಾಡಿಕೊಂಡು ಆಗಾಗ ಬೆರಳಿಂದ ಸವರುತ್ತಾರೆ. ಸಿತಾರಿನ ತರಬ್ ತಂತಿ ಸವರಿದಾಗ ಬರುತ್ತದಲ್ಲ, ಆ ಸದ್ದು.

'ಫ್ರೈಡೇ ನೈಟ್'ನಲ್ಲಿ ಮೂರು ಗಿಟಾರ್. ಯಾರು ಯಾವುದು?

1980ರ ಡಿಸೆಂಬರ್ 5, ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರ್. ಸ್ಪೇನಿನ ಫ್ಲಮೆಂಕೊ ವಾದಕ ಪಾಕೊ ದೆ ಲುಸಿಯಾ, ಅಮೆರಿಕದ ಆಲ್ ಡಿ ಮಿಯೋಲಾ, ಜೊತೆಗೆ ಇವರು. ಮುಖ್ಯ ಗುರುತು ಇದು: ಪಾಕೊ ಬೆರಳಲ್ಲಿ ನುಡಿಸುತ್ತಾರೆ, ಉಳಿದಿಬ್ಬರು ಪಿಕ್‌ನಲ್ಲಿ, ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆಯಲ್ಲಿ. ಡಿ ಮಿಯೋಲಾರದು ಉಕ್ಕಿನ ತಂತಿ, ಸದ್ದು ಚೂಪು. ಒಂದೊಂದು ಸ್ವರವೂ ಮೊಳೆ ಹೊಡೆದ ಹಾಗೆ ಬೀಳುತ್ತದೆ.

ಎಲ್ಲರೂ ಹಂಚಿಕೊಳ್ಳುವ 'ಮೆಡಿಟರೇನಿಯನ್ ಸನ್‌ಡ್ಯಾನ್ಸ್' ಇದೆಯಲ್ಲ, ಅದರಲ್ಲಿ ಮೆಕ್‌ಲಾಫ್ಲಿನ್ ಇಲ್ಲವೇ ಇಲ್ಲ. ಅದು ಪಾಕೊ ಮತ್ತು ಡಿ ಮಿಯೋಲಾ. ಇವರನ್ನು ಕೇಳಬೇಕಾದರೆ ಪಾಕೊ ಜೊತೆಗಿನ 'ಫ್ರೆವೊ ರಾಸ್ಗಾದೊ', ಇಲ್ಲವೇ ಡಿ ಮಿಯೋಲಾ ಜೊತೆಗಿನ 'ಶಾರ್ಟ್ ಟೇಲ್ಸ್ ಆಫ್ ದಿ ಬ್ಲ್ಯಾಕ್ ಫಾರೆಸ್ಟ್' ಹಾಕಿ. ಎರಡನೆಯದು ಪಿಯಾನೊ ವಾದಕ ಚಿಕ್ ಕೊರಿಯಾ ರಚನೆ. ನಡುವೆ ಇದ್ದಕ್ಕಿದ್ದ ಹಾಗೆ ಪಿಂಕ್ ಪ್ಯಾಂಥರ್ ಸಿನಿಮಾದ ಧಾಟಿ ನುಸುಳುತ್ತದೆ, ಸಭೆ ನಗುತ್ತದೆ. ಜನ ಈ ಆಲ್ಬಂನ ವೇಗದ ಬಗ್ಗೆ ಮಾತಾಡುತ್ತಾರೆ. ನನಗೆ ಮೊದಲು ನೆನಪಾಗುವುದು ಆ ನಗು.

ಪಾಕೊ 2014ರಲ್ಲಿ ತೀರಿಕೊಂಡರು. ಮೆಕ್‌ಲಾಫ್ಲಿನ್ 2015ರ 'ಬ್ಲ್ಯಾಕ್ ಲೈಟ್' ಆಲ್ಬಂನಲ್ಲಿ 'ಎಲ್ ಓಂಬ್ರೆ ಕೆ ಸಾಬಿಯಾ' ಅನ್ನುವ ರಚನೆಯನ್ನು ಅವರಿಗೆ ಅರ್ಪಿಸಿದ್ದಾರೆ. ಮೂವರ ಸ್ಟುಡಿಯೋ ಆಲ್ಬಂಗಳು, ಅಂದರೆ 1983ರದ್ದು ಮತ್ತು 1996ರದ್ದು, ಅಚ್ಚುಕಟ್ಟಾಗಿವೆ. ಎದುರಿಗೆ ಜನ ಇಲ್ಲದ ಕೊರತೆ ಎದ್ದು ಕಾಣುತ್ತದೆ.

ಬರೀ ಸ್ಪೀಡ್ ಅಲ್ವಾ? ಭಾವ ಎಲ್ಲಿದೆ?

ಅತಿ ಹೆಚ್ಚು ಕೇಳಿಬರುವ ಆಕ್ಷೇಪ. ಪೂರ್ತಿ ಸುಳ್ಳೇನೂ ಅಲ್ಲ. 1973ರ ಕೆಲವು ಕಛೇರಿಗಳಲ್ಲಿ, 80ರ ದಶಕದ ಕೆಲವು ಆಲ್ಬಂಗಳಲ್ಲಿ ಸ್ವರಗಳ ಸುರಿಮಳೆಗೆ ಛತ್ರಿ ಹಿಡಿದು ಕೂರಬೇಕಾಗುತ್ತದೆ.

ಆದರೆ ವೇಗ ಎಲ್ಲಿ ಬರುತ್ತದೆ ಗಮನಿಸಿ. ಎದುರಿಗಿರುವ ಡ್ರಮ್ಮರ್ ಕೆಣಕಿದಾಗ ಬರುತ್ತದೆ. ಒಬ್ಬರೇ ಇದ್ದಾಗ ಇವರು ಅಷ್ಟು ಓಡುವುದಿಲ್ಲ. 1978ರ 'ಎಲೆಕ್ಟ್ರಿಕ್ ಗಿಟಾರಿಸ್ಟ್' ಆಲ್ಬಂನ ಕೊನೆಯಲ್ಲಿ 'ಮೈ ಫೂಲಿಷ್ ಹಾರ್ಟ್' ಇದೆ. ಒಂದು ಗಿಟಾರ್, ಒಬ್ಬ ಮನುಷ್ಯ. ಒಂದು ಸ್ವರ ಆರುವ ತನಕ ಇನ್ನೊಂದನ್ನು ಮುಟ್ಟದೆ ಕಾಯುತ್ತಾರೆ. 1993ರ 'ಟೈಮ್ ರಿಮೆಂಬರ್ಡ್' ಇಡೀ ಆಲ್ಬಂ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ರಚನೆಗಳದ್ದು, ಅಕೌಸ್ಟಿಕ್ ಗಿಟಾರುಗಳ ಗುಂಪು ಮತ್ತು ಬೇಸ್, ಅಷ್ಟೇ. ಅಲ್ಲಿ ಸ್ಪೀಡ್ ಹುಡುಕಿದರೂ ಸಿಗುವುದಿಲ್ಲ. ಇದನ್ನೂ ಕೇಳಿ ಆಮೇಲೆ ಜಗಳಕ್ಕೆ ಬನ್ನಿ.

1980ರ ದಶಕದ ಆಲ್ಬಂಗಳನ್ನು ಬಿಟ್ಟರೆ ನಷ್ಟವಾ?

ಕೆಲವನ್ನು ಬಿಡಬಹುದು. 1984ರ 'ಮಹಾವಿಷ್ಣು'ವಿನಲ್ಲಿ ಗಿಟಾರ್ ಸಿಂಥಸೈಜರ್ ಸದ್ದು ಈಗ ಹಳತಾಗಿದೆ. ಆದರೆ 1981ರ 'ಬೆಲೊ ಒರಿಝಾಂಟೆ' ಬಿಡಬೇಡಿ. ಹಾಗೆಯೇ 1989ರ ಕಛೇರಿಯ 'ಲೈವ್ ಅಟ್ ದಿ ರಾಯಲ್ ಫೆಸ್ಟಿವಲ್ ಹಾಲ್'. ಮೂವರೇ: ಇವರು, ಬೇಸ್‌ಗೆ ಕಾಯ್ ಎಕಾರ್ಟ್, ತಾಳವಾದ್ಯಕ್ಕೆ ತ್ರಿಲೋಕ್ ಗುರ್ಟು. ತ್ರಿಲೋಕ್ ಅಂದರೆ ಠುಮ್ರಿಯ ಶೋಭಾ ಗುರ್ಟು ಅವರ ಮಗ. ಆ ತಾಯಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಡ್ರಮ್ಸ್, ತಬಲಾ, ಗಂಟೆ, ನೀರು ತುಂಬಿದ ಬಕೆಟ್, ಎಲ್ಲವನ್ನೂ ಒಬ್ಬರೇ ಸಂಭಾಳಿಸುವವರು. 'ಮದರ್ ಟಂಗ್ಸ್'ನಲ್ಲಿ ಗಿಟಾರ್ ಮತ್ತು ತ್ರಿಲೋಕ್ ನಡುವಿನ ಚಕಮಕಿ ಕೇಳಿದರೆ ದುಡ್ಡು ವಸೂಲು.

ಶುದ್ಧ ಜಾಝ್ ಬಾರಿಸಿಲ್ಲವಾ?

ಬಾರಿಸಿದ್ದಾರೆ. 1990ರ ದಶಕದಲ್ಲಿ ಜೋಯಿ ಡಿಫ್ರಾನ್ಸೆಸ್ಕೊ ಅವರ ಹ್ಯಾಮಂಡ್ ಆರ್ಗನ್ ಜೊತೆ. ಡೆನಿಸ್ ಚೇಂಬರ್ಸ್ ಡ್ರಮ್ಸ್ ಇರುವ 'ಟೋಕಿಯೊ ಲೈವ್' ಬಿಸಿಬಿಸಿ. 'ಆಫ್ಟರ್ ದಿ ರೇನ್'ನಲ್ಲಿ ಡ್ರಮ್ಸ್ ಎಲ್ವಿನ್ ಜೋನ್ಸ್ ಅವರದು, ಕೋಲ್ಟ್ರೇನ್ ತಂಡದಲ್ಲಿದ್ದ ಅದೇ ಎಲ್ವಿನ್. ಹುಡುಗನಾಗಿದ್ದಾಗ ಪೂಜಿಸಿದವರ ಪಕ್ಕ ನಿಂತು ಕೋಲ್ಟ್ರೇನ್ ರಚನೆಗಳನ್ನೇ ನುಡಿಸುವುದು ಅಂದರೆ ಸಾಮಾನ್ಯವಲ್ಲ. ಇಲ್ಲಿ ಗಿಟಾರ್ ಬಹಳ ವಿನಯದಿಂದ ನಡೆದುಕೊಳ್ಳುತ್ತದೆ.

ಶಕ್ತಿ ಮತ್ತೆ ಸೇರಿದ್ದು ಯಾವಾಗ? ಬೆಂಗಳೂರಿಗೆ ಬಂದಿದ್ದರಾ?

1997ರಲ್ಲಿ 'ರಿಮೆಂಬರ್ ಶಕ್ತಿ' ಅನ್ನುವ ಹೆಸರಲ್ಲಿ. ಮೊದಲು ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಇತ್ತು. ಆಮೇಲೆ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಬಂದರು. ವಿಕ್ಕು ಅವರ ಜಾಗಕ್ಕೆ ಮಗ ಸೆಲ್ವಗಣೇಶ್ ಕಂಜೀರ ಹಿಡಿದು ಬಂದರು. ಮುಂದೆ ಶಂಕರ್ ಮಹಾದೇವನ್ ಕಂಠ ಸೇರಿತು. 'ದಿ ಬಿಲೀವರ್' ಮತ್ತು 'ಸ್ಯಾಟರ್ಡೇ ನೈಟ್ ಇನ್ ಬಾಂಬೆ' ಎರಡೂ ಕಛೇರಿಗಳ ಮುದ್ರಣ. 'ದಿ ಬಿಲೀವರ್'ನಲ್ಲಿ ಮ್ಯಾಂಡೊಲಿನ್ ಮತ್ತು ಗಿಟಾರ್ ಒಂದರ ಬಾಲ ಒಂದು ಹಿಡಿದು ಓಡುವಾಗ, ಶ್ರೀನಿವಾಸ್ ಎಷ್ಟು ಸುಲಭವಾಗಿ ನುಡಿಸುತ್ತಾರೆ, ಇವರು ಎಷ್ಟು ಕಷ್ಟಪಟ್ಟು ಖುಷಿಪಡುತ್ತಾರೆ ಅನ್ನುವುದು ಕಿವಿಗೇ ಕಾಣುತ್ತದೆ.

ಶ್ರೀನಿವಾಸ್ 2014ರಲ್ಲಿ ತೀರಿಕೊಂಡರು. 2023ರಲ್ಲಿ ತಂಡ ಐವತ್ತನೇ ವರ್ಷದ ಪ್ರವಾಸ ಹೊರಟಿತು. ಜನವರಿಯಲ್ಲಿ ಬೆಂಗಳೂರಿನಲ್ಲೂ ಕಛೇರಿ ನಡೆಯಿತು. ಪಿಟೀಲಿಗೆ ಗಣೇಶ್ ರಾಜಗೋಪಾಲನ್ ಇದ್ದರು. ಅದೇ ವರ್ಷ ಬಂದ 'ದಿಸ್ ಮೊಮೆಂಟ್' 1977ರ ನಂತರ ಶಕ್ತಿ ಹೆಸರಲ್ಲಿ ಬಂದ ಮೊದಲ ಸ್ಟುಡಿಯೋ ಆಲ್ಬಂ. ಅದರ ಮೊದಲ ರಚನೆ 'ಶ್ರೀನೀಸ್ ಡ್ರೀಮ್' ಶ್ರೀನಿವಾಸ್ ನೆನಪಿನದು. 2024ರ ಡಿಸೆಂಬರ್ 15ರಂದು ಝಾಕಿರ್ ಹುಸೇನ್ ಹೋದರು. ಮೊದಲಿನಿಂದಲೂ ಈ ತಂಡದ ಎಲ್ಲ ಅವತಾರಗಳಲ್ಲಿ ಇದ್ದವರು ಅವರು ಮತ್ತು ಮೆಕ್‌ಲಾಫ್ಲಿನ್, ಇಬ್ಬರೇ.

ಗ್ರ್ಯಾಮಿ ಬಂದಿದೆಯಾ?

ಬಂದಿದೆ. ಚಿಕ್ ಕೊರಿಯಾ ಜೊತೆಗಿನ 'ಫೈವ್ ಪೀಸ್ ಬ್ಯಾಂಡ್ ಲೈವ್'ಗೆ 2010ರಲ್ಲಿ, 'ಮೈಲ್ಸ್ ಬಿಯಾಂಡ್'ನ ಸೋಲೋಗೆ 2018ರಲ್ಲಿ, 'ದಿಸ್ ಮೊಮೆಂಟ್'ಗೆ 2024ರಲ್ಲಿ.

ವಯಸ್ಸಾದ ಮೇಲಿನ ಆಲ್ಬಂಗಳು ಹೇಗಿವೆ?

ಚೆನ್ನಾಗಿವೆ. 'ಫೋರ್ತ್ ಡೈಮೆನ್ಷನ್' ಅವರ ಇತ್ತೀಚಿನ ಎಲೆಕ್ಟ್ರಿಕ್ ತಂಡ. ಗ್ಯಾರಿ ಹಸ್ಬೆಂಡ್, ಎಟಿಯೆನ್ ಎಂಬಾಪೆ, ಮುಂಬೈನ ರಂಜಿತ್ ಬಾರೋಟ್. 2017ರ 'ಲೈವ್ ಅಟ್ ರಾನಿ ಸ್ಕಾಟ್ಸ್'ನಲ್ಲಿ ಹಳೆಯ ಮಹಾವಿಷ್ಣು ರಚನೆಗಳು ಮತ್ತೆ ಬರುತ್ತವೆ, ಕೋಪ ಕಳೆದುಕೊಂಡು. ಅದಕ್ಕೂ ಮುಂಚಿನ 2008ರ 'ಫ್ಲೋಟಿಂಗ್ ಪಾಯಿಂಟ್' ಚೆನ್ನೈನಲ್ಲಿ ಮುದ್ರಣವಾದದ್ದು, ಬಹುಪಾಲು ಭಾರತದ ವಾದಕರೇ ಇದ್ದಾರೆ. ಅದಕ್ಕೆ ಸಿಗಬೇಕಾದ ಹೆಸರು ಸಿಗಲಿಲ್ಲ.

2020ರ 'ಇಸ್ ದಟ್ ಸೋ?' ಬೇರೆಯೇ ಪ್ರಯೋಗ. ಶಂಕರ್ ಮಹಾದೇವನ್ ರಾಗದಲ್ಲೇ ಹಾಡುತ್ತಾರೆ, ಅದರ ಕೆಳಗೆ ಪಾಶ್ಚಾತ್ಯ ಹಾರ್ಮನಿ, ಅಂದರೆ ಜೊತೆಸ್ವರಗಳ ಹೊಂದಿಕೆ, ಬದಲಾಗುತ್ತಾ ಹೋಗುತ್ತದೆ. ಸಂಪ್ರದಾಯದವರಿಗೆ ಕಿರಿಕಿರಿ ಆಗಬಹುದು. ನನಗೆ ಕೆಲವು ಕಡೆ ಮೈ ಜುಂ ಅಂದಿತು, ಕೆಲವು ಕಡೆ ತಂಬೂರಿ ಒಂದೇ ಸಾಕಿತ್ತು ಅನ್ನಿಸಿತು.

ಫೋನ್ ಸ್ಪೀಕರಿನಲ್ಲಿ ಕೇಳಿದರೆ ಸಾಕಾ?

ಸಾಲದು. ಮಹಾವಿಷ್ಣುವಿನಲ್ಲಿ ಬೇಸ್ ಕೇಳದಿದ್ದರೆ ತಾಳ ಸಿಗುವುದಿಲ್ಲ, ಶಕ್ತಿಯಲ್ಲಿ ಘಟಂನ ಕೆಳದನಿ ಕೇಳದಿದ್ದರೆ ಅರ್ಧ ಸಂಗೀತ ಹೋಯಿತು. ಸಾಧಾರಣ ಹೆಡ್‌ಫೋನ್ ಇದ್ದರೂ ಆಯಿತು.

ಇದು ಹಿಡಿಸಿತು. ಮುಂದೆ ಯಾರನ್ನು ಕೇಳಲಿ?

ದೂರ ಹೋಗಬೇಕಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಮಾಡಿದ 'ಜ್ಯೋತಿ' ಆಲ್ಬಂ ಇದೆ, 1983ರದ್ದು. ಆರ್.ಎ. ರಮಾಮಣಿ ಅವರ ಕಂಠ, ಟಿ.ಎ.ಎಸ್. ಮಣಿ ಅವರ ಮೃದಂಗ. ಹಾಗೆಯೇ ನಮ್ಮ ಕದ್ರಿ ಗೋಪಾಲನಾಥ್ ಅಮೆರಿಕದ ರುದ್ರೇಶ್ ಮಹಾಂತಪ್ಪ ಜೊತೆ ಸೇರಿದ 'ಕಿನ್ಸ್‌ಮೆನ್', 2008. ಎರಡು ಸ್ಯಾಕ್ಸೊಫೋನ್, ಎರಡು ದಾರಿ. ಈ ಎರಡು ಆಲ್ಬಂಗಳ ಬಗ್ಗೆ ನಮ್ಮಲ್ಲಿ ಇನ್ನೂ ಜಾಸ್ತಿ ಮಾತಾಡಬೇಕು.

ಮಗಳು ಗಿಟಾರ್ ಕಲಿಯುತ್ತಿದ್ದಾಳೆ. ಅವಳಿಗೆ ಯಾವುದು ಕೇಳಿಸಲಿ?

ಮಹಾವಿಷ್ಣು ಬೇಡ, ಹೆದರಿ ಗಿಟಾರ್ ಮೂಲೆಗಿಟ್ಟಾಳು. 1971ರ 'ಮೈ ಗೋಲ್ಸ್ ಬಿಯಾಂಡ್' ಕೇಳಿಸಿ. ಒಂದು ಬದಿಯಲ್ಲಿ ತಬಲಾ, ತಂಬೂರಿ ಸೇರಿದ ಎರಡು ದೊಡ್ಡ ರಚನೆಗಳಿವೆ. ಇನ್ನೊಂದು ಬದಿಯಲ್ಲಿ ಎಂಟು ಚಿಕ್ಕ ರಚನೆಗಳು, ಹೆಚ್ಚುಕಡಿಮೆ ಬರೀ ಅಕೌಸ್ಟಿಕ್ ಗಿಟಾರ್. ಕಾರ್ಡ್‌ಗಳನ್ನು ಮೊದಲು ಮುದ್ರಿಸಿ, ಅದರ ಮೇಲೆ ತಾವೇ ಸೋಲೋ ನುಡಿಸಿದ್ದಾರೆ. 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್', 'ಬ್ಲೂ ಇನ್ ಗ್ರೀನ್' ಎರಡೂ ಅದರಲ್ಲಿವೆ. ಅವಳು ಸೋಲೋ ಬಿಟ್ಟು ಕೆಳಗಿನ ಕಾರ್ಡ್‌ಗಳನ್ನು ಮೊದಲು ಹುಡುಕಿ ಬಾರಿಸಲಿ.